ಮೇಜಿನ ಕೆಳಗಿನ ಹೆಬ್ಬೆರಳು

ಕಂಪ್ಯೂಟರುಗಳು ಬಂದು ಜೂಜಿನ ಮಾನ ಕಳೆದವು ಎಂದು ಕಣ್ಣೀರಿಟ್ಟ ಗಂಡಸನ್ನು ನೀವು ನೋಡಿರಲಿಕ್ಕಿಲ್ಲ. ದಾಕ್ಷಾಯಣಿ ನೋಡಿದ್ದಳು. ಬೇರೆ ಯಾರೂ ಅಲ್ಲ, ಕಟ್ಟಿಕೊಂಡ ಗಂಡನೇ. ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟುಕೊಂಡು, ಅದನ್ನು ಕೆಲಸದವರ ಕೈಗೆ ಕೊಟ್ಟು, ತಾನು ಮೊಬೈಲಿನಲ್ಲಿ ಪೋಕರ್ ಆಡುತ್ತಿದ್ದ ಚನ್ನವೀರ, ಆ ಆಟ ಸತ್ತ ವರ್ಷ ನಿಜಕ್ಕೂ ಅತ್ತಿದ್ದ. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಪೀಡೆ ತೊಲಗಿತು ಅಂದುಕೊಂಡಿದ್ದಳು.

ಸತ್ತದ್ದು ಹೇಗೆ ಅಂದರೆ, ಎದುರಿಗೆ ಕೂತದ್ದು ಮನುಷ್ಯನೋ ಯಂತ್ರವೋ ಎಂದು ಯಾರಿಗೂ ಗೊತ್ತಾಗದ ಹಾಗಾಯಿತು. ಯಂತ್ರದ ಜೊತೆ ಆಡಿ ಸೋಲುವುದಕ್ಕೆ ಯಾವ ಮೂರ್ಖ ದುಡ್ಡು ಹಚ್ಚುತ್ತಾನೆ? ಜನ ಬಿಟ್ಟೆದ್ದರು. ಆದರೆ ಚಟ ಅನ್ನುವುದು ಅಷ್ಟು ಸುಲಭಕ್ಕೆ ಸಾಯುತ್ತದೆಯೇ? ಮೊಬೈಲಿನಿಂದ ಎದ್ದು ಮತ್ತೆ ಮೇಜಿಗೆ ಬಂತು. ಫೋನಿನ ಸಿಗ್ನಲ್ ಬಾರದಂತೆ ಗೋಡೆಗೆ ತಗಡು ಬಡಿದ ಕೋಣೆ. ಒಳಗೆ ಫೋನಿಲ್ಲ, ಕೈಗಡಿಯಾರವಿಲ್ಲ, ಕಿವಿಯಲ್ಲಿ ಏನೂ ಇಲ್ಲ. ಒಂದು ಮೇಜು, ಇಬ್ಬರೇ ಇಬ್ಬರು. ಹೆಡ್ಸಪ್ ಎಂದು ಅದರ ಹೆಸರು. ಹುಬ್ಬಳ್ಳಿಯವರು ಎದುರಾಬದುರಾ ಅನ್ನುತ್ತಿದ್ದರು.

ಆಟ ತಿಳಿಯದವರಿಗೆ ಎರಡು ಮಾತು. ಇಬ್ಬರ ಕೈಯಲ್ಲೂ ಎರಡೆರಡು ಗುಟ್ಟಿನ ಎಲೆ, ಮೇಜಿನ ಮೇಲೆ ಇಬ್ಬರಿಗೂ ಸೇರಿದ ಐದು ಎಲೆ. ಯಾರ ಜೋಡಣೆ ದೊಡ್ಡದೋ ಅವರು ಗೆದ್ದರು. ಆದರೆ ಒಳ್ಳೆಯ ಎಲೆ ಬಂದಾಗಷ್ಟೇ ಪಣ ಏರಿಸಿದರೆ ಎದುರಿನವನು ಸುಮ್ಮನೆ ಎಲೆ ಚೆಲ್ಲಿಬಿಡುತ್ತಾನೆ. ಅದಕ್ಕೇ ನಡುನಡುವೆ ಏನೂ ಇಲ್ಲದೆಯೂ ಏರಿಸಬೇಕು, ಅಂದರೆ ಸುಳ್ಳು ಹೇಳಬೇಕು. ಎಷ್ಟು ಸಲ ಸುಳ್ಳು, ಎಷ್ಟು ಸಲ ಖರೆ ಎಂಬ ಲೆಕ್ಕವನ್ನು ಯಂತ್ರಗಳು ಕಂಡುಹಿಡಿದಾಗಿತ್ತು. ಆಡುವವರೆಲ್ಲ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ಗಣಿತ ಎಲ್ಲರದೂ ಒಂದೇ ಆದ ಮೇಲೆ ಗೆಲುವು ಸೋಲಿಗೆ ಉಳಿದದ್ದು ಮೈ ಮಾತ್ರ. ಸುಳ್ಳು ಹೇಳುವಾಗ ಯಾರ ಮೈ ಬಾಯಿ ಬಿಡುತ್ತದೋ ಅವನು ಮುಳುಗಿದ.

ಚನ್ನವೀರನ ಮೈಯಂತೂ ಊರಿಗೆಲ್ಲ ಬಾಯಿ ಬಿಡುತ್ತಿತ್ತು. ದಾಕ್ಷಾಯಣಿಗೆ ಅದು ಮದುವೆಯ ದಿನವೇ ಗೊತ್ತಾಗಿತ್ತು. ಅಕ್ಷತೆ ಬಿದ್ದ ಮೇಲೆ ಮದುಮಕ್ಕಳನ್ನು ಎದುರಾಬದುರು ಕೂರಿಸಿ, ಗಂಡಿನ ಮುಷ್ಟಿಯಲ್ಲಿ ಅಡಿಕೆ ಕೊಟ್ಟು, ಯಾವ ಕೈಯಲ್ಲಿದೆ ಹೇಳು ಎಂದು ಹೆಣ್ಣನ್ನು ಕೇಳುವ ಆಟವಿದೆಯಲ್ಲ, ಅದರಲ್ಲಿ ಅವಳು ಒಂದು ಸಲವೂ ತಪ್ಪಲಿಲ್ಲ. ಹೆಂಗಸರು ಬಿದ್ದು ಬಿದ್ದು ನಕ್ಕರು. "ಈಕಿ ಮುಂದ ನಿನ್ನ ಆಟ ನಡಿಯೂದಿಲ್ಲ ಬಿಡೋ ತಮ್ಮಾ" ಎಂದು ಅವನ ಅಕ್ಕ ಛೇಡಿಸಿದ್ದಳು.

ನಡೆಯಲೂ ಇಲ್ಲ. ಮೂಗಿನ ಹೊಳ್ಳೆ, ಹುಬ್ಬು, ಗಂಟಲ ಗುಳಿ, ಎಲ್ಲವೂ ಅವಳಿಗೆ ತೆರೆದಿಟ್ಟ ಪುಸ್ತಕ. ಎಲ್ಲಕ್ಕಿಂತ ಒಳಗಿನದೆಂದರೆ ಬಲಗಾಲ ಹೆಬ್ಬೆರಳು. ಮನೆಯಲ್ಲಿ ಬರಿಗಾಲಲ್ಲವೇ? ಸುಳ್ಳು ಹೇಳುವ ಮುಂಚೆ ಅದು ಪಕ್ಕದ ಬೆರಳಿನ ಮೇಲೆ ಹತ್ತಿ ಕೂರುತ್ತಿತ್ತು. ಕ್ಲಬ್ಬಿಗೆ ಹೋಗಿರಲಿಲ್ಲ ಎಂದು ಅವನು ಎಷ್ಟೇ ಆಣೆ ಹಾಕಲಿ, ಅವಳು ನೆಲ ನೋಡಿ "ಕೈಕಾಲು ತೊಳ್ಕೊಂಡು ಬರ್ರಿ, ಆಮ್ಯಾಲೆ ಖರೇ ಹೇಳೀರಂತ" ಅನ್ನುತ್ತಿದ್ದಳು. ಸಸ್ಯಶಾಸ್ತ್ರದ ಉಪನ್ಯಾಸಕಿ, ಎಲೆಯ ಬಣ್ಣ ನೋಡಿ ಬೇರಿನ ರೋಗ ಹೇಳುವವಳು. ಗಂಡನನ್ನು ನಂಬಬೇಕೋ ಬೇಡವೋ ಎಂಬ ಪ್ರಶ್ನೆಯೇ ಅವಳ ಸಂಸಾರದಲ್ಲಿ ಹುಟ್ಟಿರಲಿಲ್ಲ. ಬೇಕಾದಾಗ ನೋಡಿ ತಿಳಿದುಕೊಳ್ಳುತ್ತಿದ್ದಳು, ಅಷ್ಟೇ.

ಮಕ್ಕಳಾಗಿರಲಿಲ್ಲ. ಒಂದು ಹೆಣ್ಣು ಕೂಸನ್ನು ದತ್ತು ತೆಗೆದುಕೊಳ್ಳಬೇಕೆಂದು ಹೆಸರು ಬರೆಸಿ, ಕಾಯುತ್ತಿದ್ದರು. ಆದರೆ ದಾಕ್ಷಾಯಣಿ ಗಂಡನಿಗೆ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಜೂಜಿನ ಮನಿಗೆ ನಾ ಕೂಸು ತರೂದಿಲ್ಲ. ಅದರ ಅಪ್ಪ ಅವ್ವ ಒಮ್ಮೆ ಕೈ ಬಿಟ್ಟಾರ. ಇನ್ನೊಮ್ಮೆ ಯಾರೂ ಬಿಡಬಾರದು."

ಒಂದು ದಿನ ಚನ್ನವೀರ ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಹೇಳಿದ. "ಗೋವಾದಾಗ ದೊಡ್ಡ ಪಂದ್ಯ ಐತಿ ದಾಕ್ಷು. ಅದೊಂದು ಆಡಿ ಬಿಡತೀನಿ. ಸೋಲಲಿ, ಗೆಲ್ಲಲಿ, ಆಮ್ಯಾಲೆ ಎಲಿ ಮುಟ್ಟೂದಿಲ್ಲ."

ಅವಳು ನೆಲ ನೋಡಿದಳು. ಹೆಬ್ಬೆರಳು ತನ್ನ ಜಾಗದಲ್ಲಿ ತಣ್ಣಗೆ ಕೂತಿತ್ತು. ಖರೆಯೇ ಹೇಳುತ್ತಿದ್ದಾನೆ! ಅವಳ ಕಣ್ಣು ತುಂಬಿತು.

"ಆದ್ರ ನಿನ್ನ ಸಹಾಯ ಬೇಕು" ಎಂದ ಅವನು.

ಸಹಾಯ ಬೇಕಾದದ್ದು ಊರಾಚೆಯ ಹಳೆಯ ಜಿನ್ನಿಂಗ್ ಗಿರಣಿಯಲ್ಲಿ. ಹತ್ತಿಯಿಂದ ಬೀಜ ಬಿಡಿಸುತ್ತಿದ್ದ ಹಾಲಿನಲ್ಲಿ ಈಗ ಎ.ಸಿ. ಹಾಕಿ, ಗಾಜಿನ ಕೋಣೆ ಕಟ್ಟಿ ಪ್ರಯೋಗಾಲಯ ಮಾಡಿದ್ದರು. ನಡೆಸುತ್ತಿದ್ದವರು ಡಾ. ನದಾಫ್ ಎಂಬ ನಡುವಯಸ್ಸಿನ ಹೆಂಗಸು, ನರವಿಜ್ಞಾನಿ. ಮುಖದ ನರ ಸೆಳೆತದ ರೋಗಿಗಳಿಗಾಗಿ ಅವರು ಕೊರಳಿಗೆ ಸುತ್ತುವ ಒಂದು ಪಟ್ಟಿ ತಯಾರಿಸಿದ್ದರು. ರೋಗಿಗಳ ಹತ್ತಿರ ದುಡ್ಡಿರಲಿಲ್ಲ, ಜೂಜುಕೋರರ ಹತ್ತಿರ ಇತ್ತು. ವಿಜ್ಞಾನ ಯಾವ ಕಡೆ ಹರಿಯಿತು ಎಂದು ನಾನು ಹೇಳಬೇಕಾಗಿಲ್ಲ.

"ನೋಡ್ರಿ ಮೇಡಂ," ಡಾ. ನದಾಫ್ ಮೆತ್ತಗಿನ ಪಟ್ಟಿಯನ್ನು ಚನ್ನವೀರನ ಕೊರಳಿಗೆ ಸುತ್ತುತ್ತ ವಿವರಿಸಿದರು, "ಕ್ಯಾಮೆರಾಕ್ಕ ಇವರ ಮೈಮ್ಯಾಲಿನ ಸಾವಿರ ಅಲುಗಾಟ ಕಾಣತಾವ. ಅದರಾಗ ಸುಳ್ಳಿನ ಅಲುಗಾಟ ಯಾವುದು, ಸೊಳ್ಳಿ ಕಡದದ್ದು ಯಾವುದು ಅಂತ ಅದಕ್ಕ ಗೊತ್ತಾಗೂದಿಲ್ಲ. ಗೊತ್ತಿದ್ದವರೊಬ್ಬರು ಎದುರಿಗೆ ಬೇಕು. ನೀವು ಸುಳ್ಳು ಹಿಡದಾಗೊಮ್ಮೆ ಯಂತ್ರ ಹಿಂದಕ್ಕ ಹೋಗಿ ಯಾವ ನರ ಎದ್ದಿತ್ತು ಅಂತ ಹುಡುಕತೈತಿ. ಮುಂದಿನ ಸಲ ಅದು ಏಳೂಕಿಂತ ಮೊದಲ ಪಟ್ಟಿ ಒಂದು ಸಣ್ಣ ಮಿಡಿತ ಕೊಟ್ಟು ಮಲಗಸತೈತಿ. ದಿನಾ ಮಲಗಿಸಿದ್ರ ಮೈ ಅದನ್ನ ಮರತ ಬಿಡತೈತಿ. ಆಮ್ಯಾಲೆ ಪಟ್ಟಿ ಬ್ಯಾಡ."

"ಎಲ್ಲೀತನಕ ಹಿಡೀಬೇಕ್ರಿ ನಾನು?"

"ನಿಮ್ಮ ಊಹೆ ನಾಣ್ಯ ಚಿಮ್ಮಿದಂಗ ಆಗೂತನಕ. ಅರ್ಧ ಸರಿ, ಅರ್ಧ ತಪ್ಪು. ಅಲ್ಲಿಗೆ ತರಬೇತಿ ಮುಗೀತು."

ಹಾಗೆ ಶುರುವಾಯಿತು. ಕಾಲೇಜು ಮುಗಿಸಿ ದಾಕ್ಷಾಯಣಿ ನೇರ ಗಿರಣಿಗೆ ಬರುವಳು. ಗಂಡ ಪಣ ಏರಿಸುವನು, ಅವಳು "ಸುಳ್ಳು" ಅಥವಾ "ಖರೆ" ಅನ್ನುವಳು. ಮೊದಮೊದಲು ಮಜಾ ಇತ್ತು. ತಪ್ಪೇ ಇಲ್ಲ! ಅವನು ಸಿಟ್ಟಾಗಿ ಎಲೆ ಎಸೆಯುವನು, ಅವಳು ಸೆರಗು ಬಾಯಿಗೆ ಹಿಡಿದು ನಗುವಳು, ಡಾ. ನದಾಫ್ ಕೂಡ ನಗುವರು. ಮದುವೆಯ ದಿನ ಮರಳಿ ಬಂದ ಹಾಗೆ ಅವಳಿಗೆ ಅನಿಸಿತ್ತು.

ಮೊದಲು ಹೋದದ್ದು ಮೂಗಿನ ಹೊಳ್ಳೆ. ಆಮೇಲೆ ಹುಬ್ಬಿನ ತುದಿ. ಆಮೇಲೆ ಗಂಟಲ ಗುಳಿ. ಅವಳು ಒಂದೊಂದು ಹಿಡಿದು ಕೊಟ್ಟಳು, ಯಂತ್ರ ಒಂದೊಂದು ಅಳಿಸಿತು. ಗಿರಣಿಯಲ್ಲಿ ಅಳಿಸಿದ್ದು ಮನೆಗೆ ಬಂದಾಗ ಮರಳಿ ಮೂಡಲಿಲ್ಲ. ಮೂಡುತ್ತದೆ ಎಂದು ಅವಳು ಯಾಕೆ ಅಂದುಕೊಂಡಿದ್ದಳೋ! ಝುಣಕದಲ್ಲಿ ಉಪ್ಪು ಕಮ್ಮಿಯಾದರೆ ಮೂತಿ ಸೊಟ್ಟ ಮಾಡುತ್ತಿದ್ದವನು ಈಗ ಉಪ್ಪಿದ್ದರೂ ಇಲ್ಲದಿದ್ದರೂ ಗೋಡೆ ನೋಡಿದ ಹಾಗೆ ಉಣ್ಣುತ್ತಿದ್ದ.

"ಹೆಂಗಾಗೇತ್ರಿ?"

"ಚಲೋ ಆಗೇತಿ."

"ಉಪ್ಪ ಹಾಕಿಲ್ಲ ನಾನು."

"ಹೌದ? ಇರಲಿ ಬಿಡು."

ಅವನ ದನಿಯಲ್ಲಿ ಸಿಟ್ಟಿಲ್ಲ, ತಮಾಷೆಯಿಲ್ಲ. ಅವಳು ತಾನೇ ಉಪ್ಪು ತಂದು ಹಾಕಿದಳು. ಈ ಮನುಷ್ಯನ ಮುಖವನ್ನು ನಾನೇ ಸುಲಿದು ಕೊಟ್ಟೆ ಎಂದು ಆ ದಿನ ಅವಳಿಗೆ ಹೊಳೆಯಿತು. ಅವತ್ತೇ ನಿರ್ಧಾರ ಮಾಡಿದಳು, ಹೆಬ್ಬೆರಳನ್ನು ಮಾತ್ರ ಕೊಡುವುದಿಲ್ಲ. ಅದೊಂದು ನನಗಿರಲಿ.

ಗಿರಣಿಯಲ್ಲಿ ಚನ್ನವೀರ ಬೂಟು ಹಾಕಿರುತ್ತಿದ್ದ. ಆದರೂ ಬೆರಳು ಹತ್ತಿದಾಗ ಬೂಟಿನ ಮೂತಿ ಎಳ್ಳಷ್ಟು ಉಬ್ಬುವುದು, ಮೇಜಿನಿಂದ ಕುರ್ಚಿ ಹಿಂದಕ್ಕೆಳೆದು ಕೂತ ಅವಳಿಗೆ ಕಣ್ಣು ಕೆಳಗೆ ಹಾಕಿದರೆ ಅದು ಕಾಣುವುದು. ಕ್ಯಾಮೆರಾಗಳು ಮೇಜಿನ ಮೇಲಷ್ಟೇ ನೋಡುತ್ತಿದ್ದವು, ಯಾಕೆಂದರೆ ಪಂದ್ಯದಲ್ಲಿ ಎದುರಾಳಿಗೆ ಕಾಣುವುದು ಅಷ್ಟೇ. ಹಾಗಾಗಿ ಮೈಯೆಲ್ಲ ಮಲಗಿದ ಮೇಲೂ ದಾಕ್ಷಾಯಣಿಯ ಊಹೆ ಸರಿಯಾಗುತ್ತಲೇ ಇತ್ತು, ಯಂತ್ರಕ್ಕೆ ಹುಡುಕಿ ಹುಡುಕಿ ಏನೂ ಸಿಗುತ್ತಿರಲಿಲ್ಲ.

ಡಾ. ನದಾಫ್ ತಲೆ ಕೆರೆದುಕೊಂಡರು. ಅವಳ ಕಣ್ಣಿನ ಚಲನೆಯನ್ನೂ ತೆಗೆದು ನೋಡಿದರು. ಮಾತು ಹೇಳುವ ಮುಂಚೆ ಅವಳು ಪ್ರತಿಸಲ ದೃಷ್ಟಿ ಕೆಳಗಿಳಿಸುತ್ತಾಳೆ ಎಂದು ಗೊತ್ತಾಯಿತು. ಆಮೇಲೆ ಏನು ತಿಳಿದುಕೊಂಡರು ಗೊತ್ತೇ? ನಾಚಿಕೆ! ಗಂಡನ ಹೆಸರನ್ನೂ ಬಾಯಿಬಿಟ್ಟು ಹೇಳದ, ತಲೆ ಮೇಲೆ ಸೆರಗು ಹೊದೆಯುವ ಮನೆತನದ ಹೆಣ್ಣುಮಗಳು, ಗಂಡನನ್ನು ಸುಳ್ಳುಗಾರ ಅನ್ನಲು ಸಂಕೋಚಪಟ್ಟು ತಲೆ ತಗ್ಗಿಸುತ್ತಾಳೆ ಎಂದು ದಾಖಲೆಯಲ್ಲಿ ಬರೆದುಕೊಂಡರು. ಇಪ್ಪತ್ತು ವರ್ಷ ನರಗಳನ್ನು ಓದಿದವರು ಸೆರಗು ನೋಡಿ ಮೋಸಹೋದರು. ದಾಕ್ಷಾಯಣಿಗೂ ಅದು ಅನುಕೂಲವೇ ಆಯಿತು. ತರಬೇತಿ ಇಲ್ಲಿಗೇ ಮುಗಿಯಲೆಂದು, ಆವತ್ತಿನಿಂದ ಬೇಕಂತಲೇ ತಪ್ಪು ಹೇಳತೊಡಗಿದಳು. ಒಂದು ಸರಿ, ಒಂದು ತಪ್ಪು. ಅವಳ ಬದುಕಿನಲ್ಲಿ ಅವಳು ಆಡಿದ ಮೊದಲ ಸುಳ್ಳಾಟ ಅದು.

ಅದಾಗಿ ತಿಂಗಳಿಗೆ ದತ್ತು ಕೇಂದ್ರದಿಂದ ಮನೆ ನೋಡಲು ಒಬ್ಬ ಹೆಂಗಸು ಬಂದರು, ಸರೋಜಿನಿ ಹಾವನೂರ ಎಂದು. ಚೀಲದಿಂದ ಒಂದು ಫೋಟೋ ತೆಗೆದರು. ಎರಡು ವರ್ಷದ ಕೂಸು, ಒಂದು ಕೈಯಲ್ಲಿ ಬಿಸ್ಕಿಟು, ಇನ್ನೊಂದು ಕೈ ಕ್ಯಾಮೆರಾದ ಕಡೆಗೆ. ದಾಕ್ಷಾಯಣಿ ಆ ಚಾಚಿದ ಕೈಯನ್ನು ಬೆರಳಿಂದ ಸವರಿದಳು. ಚನ್ನವೀರ ಫೋಟೋ ತೆಗೆದುಕೊಂಡು ನೋಡಿ, "ಚಂದ ಐತಿ ಕೂಸು. ನಮ್ಮ ಮನಿಗೆ ಬರಲಿ" ಎಂದ. ಕರೆಂಟ್ ಬಿಲ್ಲು ಓದಿದ ಹಾಗಿತ್ತು.

ಅವನು ಚಹಾ ತರಲು ಒಳಗೆ ಹೋದಾಗ ಸರೋಜಿನಿ ದನಿ ತಗ್ಗಿಸಿ ಕೇಳಿದರು. "ತಪ್ಪು ತಿಳೀಬ್ಯಾಡ್ರಿ, ಅವರಿಗೆ ಮನಸ್ಸು ಇಲ್ಲೇನ್ರಿ?"

ದಾಕ್ಷಾಯಣಿ ಆಗಲೇ ನೆಲ ನೋಡಿದ್ದಳು. ಬೆರಳು ಅಲುಗಿರಲಿಲ್ಲ. "ಮನಸ್ಸು ಐತ್ರಿ," ಎಂದಳು, "ಮುಖದಾಗ ಕಾಣೂದಿಲ್ಲ ಅಷ್ಟ. ನನಗ ಗೊತ್ತೈತಿ." ಹೇಳುವಾಗ ಅವಳಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಜಗತ್ತಿನಲ್ಲಿ ಈ ಒಂದು ಗುಟ್ಟು ಉಳಿಸಿಕೊಂಡದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಗೋವಾದ ಪಂದ್ಯ ಅವನು ಗೆದ್ದ. ಕೊನೆಯ ಆಟದಲ್ಲಿ ಎದುರಾಳಿ, ಹೆಸರಾಂತ ಆಟಗಾರ, ಅವನ ಮುಖವನ್ನು ಬಹಳ ಹೊತ್ತು ದಿಟ್ಟಿಸಿ, ಏನೂ ಸಿಗದೆ, ಒಳ್ಳೆಯ ಎಲೆಗಳನ್ನೇ ಚೆಲ್ಲಿ ಎದ್ದನಂತೆ. ಚನ್ನವೀರನ ಕೈಯಲ್ಲಿ ಏನೂ ಇರಲಿಲ್ಲವಂತೆ. ಹಾಗೆಂದು ಊರೆಲ್ಲ ಮಾತಾಡಿಕೊಂಡರು. ಅಂಗಡಿಯ ಮುಂದೆ ಪಟಾಕಿ ಹಾರಿಸಿದರು, ಹಾರ ಹಾಕಿದರು. ಹಾರದ ಮೇಲಿನ ಮುಖ ಎಂದಿನಂತೆ ಖಾಲಿ.

ಮನೆಗೆ ಬಂದವನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅವಳೆದುರು ಕೂತ. "ಮುಗೀತು ದಾಕ್ಷು. ಬಿಟ್ಟೆ. ಇನ್ನ ಎಲಿ ಮುಟ್ಟೂದಿಲ್ಲ."

ಅವಳು ಕೆಳಗೆ ನೋಡಿದಳು. ಹಸಿ ಕಾಲು, ನೆಟ್ಟಗಿನ ಬೆರಳು. ಅವಳು ಅಲ್ಲೇ ಕೂತು ಅತ್ತುಬಿಟ್ಟಳು. ಮರುದಿನ ಸರೋಜಿನಿಗೆ ಫೋನ್ ಮಾಡಿ, ಸೋಮವಾರ ಬಂದು ಸಹಿ ಮಾಡುತ್ತೇವೆ, ಕೂಸನ್ನು ಕರೆದುಕೊಂಡು ಹೋಗುತ್ತೇವೆ ಎಂದಳು. ಪೇಟೆಗೆ ಹೋಗಿ ಸಣ್ಣ ಕುಂಚಿಗೆ, ಗೆಜ್ಜೆ, ಕೆಂಪು ಚಪ್ಪಲಿ ತಂದಳು. ಅಂಗಡಿಯವನು ಅಳತೆ ಕೇಳಿದಾಗ ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಗಿ, ಸುಮ್ಮನೆ ಬೊಗಸೆ ತೋರಿಸಿದಳು.

ಶನಿವಾರ ಡಾ. ನದಾಫ್ ಕರೆದರು. ಗೆಲುವಿನ ಸಂಭ್ರಮಕ್ಕೆ ಸಿಹಿ ತರಿಸಿದ್ದರು. ಪೇಢೆಯ ಡಬ್ಬಿ ಮುಂದೆ ಸರಿಸುತ್ತ, "ನಿಮ್ಮ ಯಜಮಾನರು ಭಾರಿ ಮನುಷ್ಯಾರ್ರಿ. ಇಂಥಾ ವಿದ್ಯಾರ್ಥಿ ನನಗ ಇನ್ನೊಬ್ಬ ಸಿಗೂದಿಲ್ಲ. ಕಾಲಿನ ವಿಷಯ ನಮಗೂ ಹೊಳದಿರಲಿಲ್ಲ, ಅವರ ಹೇಳಿದ್ರು" ಎಂದರು.

ದಾಕ್ಷಾಯಣಿಯ ಕೈ ಪೇಢೆಯ ಮೇಲೇ ನಿಂತಿತು. "ಯಾವ ಕಾಲು?"

"ಬಲಗಾಲ್ರಿ. ನಿಮಗ ಗೊತ್ತಿಲ್ಲೇನು? 'ಆಕಿ ನಾಚಿ ತಲಿ ತಗ್ಗಸೂದಿಲ್ಲ ಡಾಕ್ಟರ್, ನನ್ನ ಹೆಂಡತಿ ಯಾವತ್ತೂ ನಾಚಿದಾಕಿ ಅಲ್ಲ, ಆಕಿ ಏನೋ ನೋಡಾಕತ್ತಾಳ' ಅಂದ್ರು. ಮೇಜಿನ ಕೆಳಗ ತಾವ ಒಂದು ಕ್ಯಾಮೆರಾ ಹಚ್ಚಿಸಿದ್ರು. ಕಣಕಾಲಿಗೆ ಬ್ಯಾರೆ ಪಟ್ಟಿ ಮಾಡಿಸಿದ್ರು. ನೀವು ಕಾಲೇಜಿನಾಗ ಇದ್ದಾಗ ಮುಂಜಾನೆ ಬಂದು ಕುಂದರತಿದ್ರು. ಬೆರಳು ಮಲಗೂದಷ್ಟ ಅಲ್ಲ, ಬೇಕಾದಾಗ ಏಳಸೂದನ್ನೂ ಕಲತ್ರು."

"ಯಾವಾಗ?"

"ನೀವು ತಪ್ಪು ಹೇಳಾಕ ಶುರು ಮಾಡಿದ್ರಲ್ಲ, ಆ ವಾರದಾಗನ."

ಅಂದರೆ ಸರೋಜಿನಿ ಫೋಟೋ ತಂದದ್ದಕ್ಕಿಂತ ಮೊದಲು. ಬೆರಳಿನ ಸಾಕ್ಷಿಗೆ ಇನ್ನು ಬೆಲೆಯಿಲ್ಲ. ಕೂಸು ನಮ್ಮ ಮನೆಗೆ ಬರಲಿ ಎಂದದ್ದೂ ಹೋಯಿತು, ಇನ್ನು ಎಲೆ ಮುಟ್ಟುವುದಿಲ್ಲ ಎಂದದ್ದೂ ಹೋಯಿತು. ಸುಳ್ಳೆಂದು ಸಾಬೀತಾಗಿದ್ದರೆ ಬೈಯಬಹುದಿತ್ತು, ಬಿಟ್ಟು ಹೋಗಬಹುದಿತ್ತು. ಹಾಗೂ ಆಗಲಿಲ್ಲ. ಎಲ್ಲವೂ ಖರೆಯೇ ಇರಬಹುದು. ಅದೇ ಅವಳ ಜೀವ ಹಿಂಡಿತು.

ಡಾ. ನದಾಫ್ ಅವಳ ಮುಖ ನೋಡಿ ಗಾಬರಿಯಾದರು. "ಮೇಡಂ, ನೀವಿಬ್ಬರೂ ಕೂಡಿ ಮಾಡೀರಿ ಅಂದ್ಕೊಂಡಿದ್ದೆ ನಾನು."

"ಹೌದ್ರಿ," ಎಂದಳು ದಾಕ್ಷಾಯಣಿ. "ಕೂಡೇ ಮಾಡೇವಿ."

ಮನೆಯಲ್ಲಿ ಚನ್ನವೀರ ಕೂಸಿಗೆಂದು ತಂದ ಜೋಳಿಗೆ ತೊಟ್ಟಿಲನ್ನು ತೊಲೆಗೆ ಕಟ್ಟುತ್ತಿದ್ದ. ಸ್ಟೂಲಿನ ಮೇಲಿಂದ ಇಳಿಯುವ ತನಕವೂ ಅವಳು ಕಾಯಲಿಲ್ಲ.

"ಕಾಲಿಗೂ ಪಟ್ಟಿ ಕಟ್ಟಿಸಿದ್ರೇನು?"

ಅವನು ಹಗ್ಗ ಬಿಟ್ಟು ಇಳಿದ. "ಹೂಂ."

"ನನಗ ಯಾಕ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲ ದಾಕ್ಷು?"

ಅವಳು ಸ್ಟೂಲನ್ನು ಪಕ್ಕಕ್ಕೆ ಸರಿಸಿದಳು. ಅವನೇ ಮುಂದುವರಿಸಿದ. "ನಿನಗ ಕಂಡದ್ದು ಎದುರಿನವಂಗೂ ಒಂದಿನ ಕಾಣತೈತಿ ಅಂತ ಹೆದರಿದೆ. ಸೋತಿದ್ರ ಮತ್ತ ಆಡಬೇಕು ಅನಸತಿತ್ತು. ಗೆದ್ದು ಬಿಡಬೇಕಾಗಿತ್ತು ನನಗ."

"ಮೇಜಿನ ಕೆಳಗ ಎದುರಿನವ ಬಗ್ಗಿ ನೋಡತಿದ್ನೇನ್ರಿ? ನೋಡಾಕಿ ನಾ ಒಬ್ಬಾಕಿ."

ಅವನು ಮುಖ ತಿರುಗಿಸಿ ತೊಟ್ಟಿಲ ಹಗ್ಗ ಹಿಡಿದ. ಸಿಕ್ಕಿಬಿದ್ದು ತಿರುಗಿಸಿದನೋ, ನೊಂದು ತಿರುಗಿಸಿದನೋ, ಅವಳಿಗೆ ತಿಳಿಯಲಿಲ್ಲ. ಹಿಂದೆಯಾಗಿದ್ದರೆ ಹುಬ್ಬು ಹೇಳುತ್ತಿತ್ತು.

"ಖರೇನ ಬಿಟ್ಟೀರೇನು?"

"ಖರೇನ ಬಿಟ್ಟೀನಿ."

"ಕೂಸು ಖರೇನ ಬೇಕೇನು?"

"ಬೇಕು."

"ಹೆಂಗ ನಂಬಲಿ ನಾನು?"

"ಹೆಂಗ ಅಂದ್ರ? ನಂಬೂದು ಅಷ್ಟ. ಊರ ಮಂದಿಯೆಲ್ಲಾ ಹಂಗ ಬಾಳೇ ಮಾಡತಾರಲ್ಲ."

ಮಾತೇನೋ ಸರಿ. ಊರಿನ ಹೆಂಗಸರೆಲ್ಲ ಗಂಡಂದಿರ ಮಾತನ್ನು ಅರ್ಧ ನಂಬಿ, ಅರ್ಧ ನುಂಗಿ, ಮೋಸಹೋಗಿ, ಅತ್ತು, ಮತ್ತೆ ನಂಬಿ ಸಂಸಾರ ಮಾಡುತ್ತಾರೆ. ಅದೊಂದು ವಿದ್ಯೆ. ಎಳೆಯದರಲ್ಲಿ ಕಲಿಯಬೇಕು. ಕಣ್ಣಿಂದ ನೋಡಿ ತಿಳಿದುಕೊಳ್ಳುತ್ತಿದ್ದ ದಾಕ್ಷಾಯಣಿಗೆ ಆ ವಿದ್ಯೆ ಕಲಿಯುವ ಪ್ರಸಂಗ ಬಂದಿರಲೇ ಇಲ್ಲ, ಈಗ ನಲವತ್ತರ ಹತ್ತಿರ ಕಲಿ ಎಂದರೆ ಅವಳಿಂದ ಆಗಲಿಲ್ಲ. ತನ್ನೊಬ್ಬಳ ಬದುಕಾಗಿದ್ದರೆ ಹಾಳಾಗಲಿ ಎಂದು ಪಣ ಹಚ್ಚುತ್ತಿದ್ದಳೋ ಏನೋ. ಫೋಟೋದಲ್ಲಿ ಕೈ ಚಾಚಿದ ಕೂಸನ್ನು ಪಣಕ್ಕೆ ಹಚ್ಚಲು ಅವಳಿಗೆ ಧೈರ್ಯ ಬರಲಿಲ್ಲ.

ಅವನೆದುರೇ ಫೋನ್ ಎತ್ತಿದಳು. "ಸರೋಜಿನಿ ಮೇಡಂ, ಸೋಮವಾರ ನಾವು ಬರೂದಿಲ್ಲರಿ. ಕೂಸನ್ನ ಬ್ಯಾರೆ ಮನಿಗೆ ಕೊಡ್ರಿ. ಚಲೋ ಮನಿಗೆ ಕೊಡ್ರಿ." ಆ ಕಡೆಯಿಂದ ಏನೇನೋ ಕೇಳಿದರು. ಕಾರಣ ಏನೂ ಇಲ್ಲ ಎಂದಳು. ಯಾವತ್ತೂ ಬರುವುದಿಲ್ಲವೇ ಎಂದು ಕೇಳಿರಬೇಕು, "ಇಲ್ಲರಿ, ಹೆಸರು ತಗೀರಿ" ಎಂದಳು.

ಫೋನ್ ಕೆಳಗಿಟ್ಟಾಗ ಚನ್ನವೀರ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದ. ಅವನ ಕಣ್ಣಿಂದ ನೀರು ಇಳಿಯತೊಡಗಿತು. ಮುಖ ಮುದುಡಲಿಲ್ಲ, ತುಟಿ ನಡುಗಲಿಲ್ಲ, ಉಸಿರು ಏರಲಿಲ್ಲ. ಬರೀ ನೀರು ಒಂದೇ ಸಮನೆ ಇಳಿದು ಅಂಗಿಯ ಮೇಲೆ ಬಿತ್ತು. "ದಾಕ್ಷು" ಎಂದ. "ಹಂಗ ಮಾಡಬ್ಯಾಡ ದಾಕ್ಷು."

ಅವಳು ಅವನನ್ನು ನೆತ್ತಿಯಿಂದ ಕಾಲ ಹೆಬ್ಬೆರಳಿನವರೆಗೆ ನೋಡಿದಳು. ಅಳುವುದನ್ನೂ ಎಷ್ಟು ಚೆನ್ನಾಗಿ ಕಲಿತಿದ್ದಾನೆ ಎಂದು ಅವಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಬೇರೆ ಏನೂ ಅನಿಸಲಿಲ್ಲ. ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದತೊಡಗಿದಳು.